ಬೆರಳಿಗೆ ಗೊತ್ತಿರುವುದು ಬೆನ್ನಿಗೇಕೆ ಗೊತ್ತಿಲ್ಲ?

ನಮ್ಮ ಮನೆ ಇರುವುದು ದಿಲ್ಲಿಯ ಕಿದ್ವಾಯಿ ನಗರದಲ್ಲಿ. ಈ ಮಾತನ್ನು ಊರಿನಲ್ಲಿ ಹೇಳುವಾಗ ಸ್ವಲ್ಪ ಹುಷಾರಾಗಿರಬೇಕು. ಒಮ್ಮೆ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ನನ್ನ ಹೈಸ್ಕೂಲಿನ ಮೇಷ್ಟ್ರು ಸಿಕ್ಕಿ "ಈಗ ಎಲ್ಲಿದ್ದೀಯೋ?" ಎಂದಾಗ "ಕಿದ್ವಾಯಿಯಲ್ಲಿ ಸಾರ್" ಎಂದೆ. ಅವರ ಮುಖ ಸಪ್ಪಗಾಯಿತು. "ಯಾರಿಗೋ? ಅಪ್ಪನಿಗಾ?" ಎಂದು ಹೆಗಲ ಮೇಲೆ ಕೈಯಿಟ್ಟರು. ಕರ್ನಾಟಕದವರಿಗೆ ಕಿದ್ವಾಯಿ ಎಂದರೆ ಒಂದೇ, 1973ರಲ್ಲಿ ಶುರುವಾದ ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ. ಆ ಆಸ್ಪತ್ರೆಗೂ ನಮ್ಮ ಬಡಾವಣೆಗೂ ಹೆಸರು ಬಂದದ್ದು ಒಬ್ಬರಿಂದಲೇ, ನೆಹರೂ ಮಂತ್ರಿಮಂಡಲದಲ್ಲಿದ್ದ ರಫಿ ಅಹಮದ್ ಕಿದ್ವಾಯಿಯವರಿಂದ. ಇದನ್ನು ಮೇಷ್ಟ್ರಿಗೆ ವಿವರಿಸುವಷ್ಟರಲ್ಲಿ ನನ್ನ ಬಸ್ಸು ಹೊರಟಿತ್ತು.

ಅವರು ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ನಮ್ಮ ಕ್ವಾರ್ಟರ್ಸಿನಿಂದ ರಿಂಗ್ ರೋಡ್ ದಾಟಿದರೆ ಏಮ್ಸ್, ಅದರ ಎದುರಿಗೆ ಸಫ್ದರ್‌ಜಂಗ್ ಆಸ್ಪತ್ರೆ. ಹೀಗಾಗಿ ನಮ್ಮ ಮನೆ ಅರ್ಧ ಮನೆ, ಅರ್ಧ ಛತ್ರ. ಊರಿನ ಕಡೆಯ ಯಾರಿಗೆ ದೊಡ್ಡ ಕಾಯಿಲೆ ಬಂದರೂ ಕೊನೆಗೊಂದು ದಿನ ನಮ್ಮ ಹಜಾರದಲ್ಲಿ ಹಾಸಿಗೆ ಬಿಡಿಸುತ್ತಾರೆ.

ಹೋದ ವರ್ಷ ನವರಾತ್ರಿ ಮುಗಿದ ಮೇಲೆ ಬಂದವರು ನನ್ನ ಸೋದರಮಾವ. ಅದಕ್ಕೆ ಎರಡು ಮಳೆಗಾಲದ ಹಿಂದೆ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಈ ಸಲ ಅವರು ಬಂದದ್ದು ರಸ್ತೆಯಾಚೆಯ ದೊಡ್ಡಾಸ್ಪತ್ರೆಗಲ್ಲ. ದಿಲ್ಲಿಯ ಇನ್ನೊಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರೆ, ಮೂರು ಸಲ ಚುಚ್ಚಿಸಿಕೊಂಡರೆ ಎದ್ದು ನಡೆಯಬಹುದು, ಖರ್ಚು ನಾಲ್ಕು ಲಕ್ಷ ಎಂದು ಯಾರೋ ಅವರಿಗೊಂದು ಬಣ್ಣದ ಪತ್ರಿಕೆ ತಲುಪಿಸಿದ್ದರು. ಅರ್ಧ ಎಕರೆ ತೋಟಕ್ಕೆ ಗಿರಾಕಿಯನ್ನೂ ಗೊತ್ತು ಮಾಡಿಕೊಂಡೇ ಬಂದಿದ್ದರು.

ಬಂದ ಎರಡನೆಯ ದಿನ ಅಡಕತ್ತರಿಯಲ್ಲಿ ಬೆರಳು ಕೊಯ್ದುಕೊಂಡರು. ಅಮ್ಮ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಎಂಟು ದಿನ ಕಳೆದು ಬಿಚ್ಚಿದರೆ ಒಂದು ಗೆರೆ ಬಿಟ್ಟು ಏನೂ ಇಲ್ಲ. ಮಾವ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಲ್ವೋ ಅಳಿಯ, ಬೆರಳಿಗೆ ಗೊತ್ತಿರೋದು ಬೆನ್ನಿಗೆ ಯಾಕೆ ಗೊತ್ತಿಲ್ಲ? ಡೆಲ್ಲೀಲಿ ಕಾಲೇಜು ಓದ್ತೀಯಲ್ಲ, ಹೇಳು ನೋಡೋಣ" ಎಂದರು.

ನಾನು ಓದುತ್ತಿರುವುದು ಬಿ.ಕಾಂ. ಜೀವಶಾಸ್ತ್ರ ಅಂತ ಕಲಿತದ್ದು ಹತ್ತನೆಯ ತರಗತಿಯವರೆಗೆ, ಅದೂ ಕನ್ನಡದಲ್ಲಿ. ಆದರೆ ತೋಟ ಮಾರುವ ಮಾತಾದ್ದರಿಂದ ಸುಮ್ಮನೆ ತಲೆಯಾಡಿಸುವ ಹಾಗಿರಲಿಲ್ಲ. ಎರಡು ವಾರ ಕೂತು ಓದಿದೆ. ಮಾವನಿಗೆ ಹೇಳಿದ ಕ್ರಮದಲ್ಲೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿತ್ರ ಬಿಡಿಸಿದರೆ ಸ್ಟೆನ್ಸಿಲ್ ಹರಿಯುತ್ತದೆಂದು ಸಂಪಾದಕರು ಹೆದರಿಸಿರುವುದರಿಂದ ಎಲ್ಲವನ್ನೂ ಮಾತಿನಲ್ಲೇ ಹೇಳಬೇಕಾಗಿದೆ.

ಮೊದಲು ಹೆಸರಿನ ವಿಚಾರ. ಈ ಪದವನ್ನು 1868ರಲ್ಲಿ ಬಳಕೆಗೆ ತಂದವನು ಜರ್ಮನಿಯ ಅರ್ನ್ಸ್ಟ್ ಹೆಕೆಲ್. ಅವನಿಗೆ ಜೀವಿಗಳ ವಂಶವೃಕ್ಷ ಬರೆಯುವ ಹುಚ್ಚು. ಎಲ್ಲ ಜೀವಿಗಳೂ ಯಾವ ಆದಿಕೋಶದಿಂದ ಕವಲೊಡೆದು ಬಂದವೋ ಅದನ್ನು ಆ ವೃಕ್ಷದ ಬೊಡ್ಡೆ ಎಂದು ಕರೆದ. ಕನ್ನಡದಲ್ಲಿ ಕೆಲವರು ಅದನ್ನು ಕಾಂಡಕೋಶ ಎನ್ನುತ್ತಾರೆ, ಕೆಲವರು ಆಕರಕೋಶ ಎನ್ನುತ್ತಾರೆ. ಕಾಂಡ ಎಂದೊಡನೆ ಬಾಳೆದಿಂಡು ನೆನಪಾಗುವುದರಿಂದ ನಾನು ಆಕರಕೋಶವನ್ನೇ ಹಿಡಿದಿದ್ದೇನೆ. ಮಾವನಿಗೆ ಎರಡೂ ಹಿಡಿಸಲಿಲ್ಲ. ಅವರ ಪದ ಮುಂದೆ ಬರುತ್ತದೆ.

ನಮ್ಮ ಮೈಯ ಹೆಚ್ಚಿನ ಜೀವಕೋಶಗಳು ಒಂದೊಂದು ಕಸುಬು ಕಲಿತು ಅದರಲ್ಲೇ ಸವೆದು ಹೋಗುವಂಥವು. ಕೆಂಪು ರಕ್ತಕಣವನ್ನೇ ನೋಡಿ, ಪ್ರಾಣವಾಯು ಹೊರುವ ಕೂಲಿ ಅದರದು. ಆ ಕೆಲಸಕ್ಕಾಗಿ ತನ್ನ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತದೆ, ಆದ್ದರಿಂದ ಒಡೆದು ಎರಡಾಗುವ ಶಕ್ತಿ ಅದಕ್ಕಿಲ್ಲ. ಸುಮಾರು 120 ದಿನ ಓಡಾಡಿ ಸಾಯುತ್ತದೆ. ಸತ್ತವುಗಳ ಜಾಗ ತುಂಬಲು ಆರೋಗ್ಯವಂತ ದೇಹ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ತಯಾರಿಸುತ್ತದೆ. ಈ ವಾಕ್ಯವನ್ನು ನೀವು ಓದಿ ಮುಗಿಸುವಷ್ಟರಲ್ಲಿ ಒಂದು ಕೋಟಿ ಆಗಿರುತ್ತದೆ.

ಇಷ್ಟೆಲ್ಲ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ನಮ್ಮ ಅಡಿಗೆಮನೆಯಲ್ಲಿದೆ. ಅಮ್ಮ ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕುತ್ತಾಳೆ. ಮಾರನೆಯ ದಿನ ನೆಂಟರು ಎಷ್ಟೇ ಜನ ಬರಲಿ, ಒಂದು ಚಮಚ ಮೊಸರನ್ನು ಮಾತ್ರ ಯಾರಿಗೂ ಬಡಿಸದೆ ತೆಗೆದಿಡುತ್ತಾಳೆ. ಆಕರಕೋಶ ಮಾಡುವುದು ಇದನ್ನೇ. ಅದು ಒಡೆದು ಎರಡಾದಾಗ ಒಂದು ಮರಿಕೋಶ ಕಸುಬು ಕಲಿಯಲು ಹೊರಡುತ್ತದೆ, ಇನ್ನೊಂದು ಯಾವ ಕಸುಬನ್ನೂ ಕಲಿಯದೆ ನಾಳಿನ ಹೆಪ್ಪಾಗಿ ಉಳಿಯುತ್ತದೆ. ಪ್ರತಿ ಸಲವೂ ಹೀಗೇ ಒಂದಕ್ಕೊಂದು ಆಗಬೇಕೆಂದಿಲ್ಲ, ಒಟ್ಟು ಲೆಕ್ಕದಲ್ಲಿ ತಾಳೆಯಾಗುತ್ತದೆ. ನಮ್ಮ ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಮೂಲಧನ ಮುಟ್ಟದೆ ಬಡ್ಡಿಯಲ್ಲಿ ಸಂಸಾರ ಸಾಗಿಸುವ ಜಾಣತನ.

ರಕ್ತದ ಹೆಪ್ಪು ಇರುವುದು ಅಸ್ಥಿಮಜ್ಜೆಯಲ್ಲಿ, ಅಂದರೆ ಸೊಂಟ, ಎದೆ, ಪಕ್ಕೆಲುಬು, ಬೆನ್ನೆಲುಬು ಇವುಗಳೊಳಗಿನ ಮೆತ್ತನೆಯ ತಿರುಳಿನಲ್ಲಿ. ಇದನ್ನು ಸರಿಯಾಗಿ ತೋರಿಸಿಕೊಟ್ಟವರು ಕೆನಡಾದ ಟೊರಾಂಟೋದ ಟಿಲ್ ಮತ್ತು ಮೆಕಲಕ್ ಎಂಬಿಬ್ಬರು, 1961ರಲ್ಲಿ. ವಿಕಿರಣ ಹಾಯಿಸಿ ಮಜ್ಜೆಯನ್ನು ಸುಟ್ಟ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದರು. ಹತ್ತು ದಿನದ ಮೇಲೆ ನೋಡಿದರೆ ಇಲಿಯ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟು. ಹೆಚ್ಚು ಮಜ್ಜೆ ಕೊಟ್ಟಲ್ಲಿ ಹೆಚ್ಚು ಗಂಟು, ಕಡಿಮೆ ಕೊಟ್ಟಲ್ಲಿ ಕಡಿಮೆ. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನವೆಂದು ಮುಂದೆ ಸಿದ್ಧವಾಯಿತು.

ಈಗ ಮಾವನ ಬೆರಳಿಗೆ ಬರೋಣ. ಚರ್ಮದ ಮೇಲ್ಪದರದ ತಳದಲ್ಲಿ ಆಕರಕೋಶಗಳ ಸಾಲೊಂದಿದೆ. ಅಲ್ಲಿ ಹುಟ್ಟಿದ ಕೋಶ ಸುಮಾರು ಒಂದು ತಿಂಗಳಲ್ಲಿ ಮೇಲೇರಿ, ಒಣಗಿ, ಉದುರುತ್ತದೆ. ಅಡಕತ್ತರಿ ತಾಗಿದೊಡನೆ ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ, ಆಮೇಲೆ ಗಾಯದ ಎರಡು ದಡದಿಂದಲೂ ತಳದ ಕೋಶಗಳು ಹಕ್ಕಳೆಯ ಅಡಿಯಲ್ಲಿ ತೆವಳಿಕೊಂಡು ಬಂದು ನಡುವೆ ಸೇರುತ್ತವೆ. ಕೈಕಾಲಿನ ಕೂದಲಿರುವ ಕಡೆ ಗಾಯವಾದರೆ ಕೂದಲ ಬುಡದಲ್ಲಿರುವ ಆಕರಕೋಶಗಳೂ ನೆರವಿಗೆ ಬರುತ್ತವೆ. ಗಾಯ ಆಳಕ್ಕಿಳಿದಿದ್ದರೆ ದೇಹ ಹೊಸದಾಗಿ ನೇಯುವ ಗೋಜಿಗೆ ಹೋಗದೆ ನಾರಿನಂಥ ವಸ್ತುವಿನಿಂದ ತೇಪೆ ಹಾಕುತ್ತದೆ. ಮಾವನ ಬೆರಳಿನಲ್ಲಿ ಉಳಿದ ಗೆರೆ ಆ ತೇಪೆ. ನೇಯ್ಗೆ ಬೇರೆ, ತೇಪೆ ಬೇರೆ ಎಂಬುದನ್ನು ಜ್ಞಾಪಕದಲ್ಲಿಡಿ, ಬೆನ್ನಿನ ಕತೆಗೆ ಬೇಕಾಗುತ್ತದೆ.

ಎಲ್ಲ ಅಂಗಕ್ಕೂ ಹೆಪ್ಪು ಸಮನಾಗಿ ಪಾಲಾಗಿಲ್ಲ. ಸಣ್ಣಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಮಾಂಸಖಂಡದ ಎಳೆಗಳಿಗೆ ಅಂಟಿಕೊಂಡೇ ಆಕರಕೋಶಗಳು ಮಲಗಿರುತ್ತವೆ, ಪೆಟ್ಟು ಬಿದ್ದಾಗ ಏಳುತ್ತವೆ. ಅವನ್ನು ಮೊದಲು ಕಂಡದ್ದೂ 1961ರಲ್ಲೇ. ಹೃದಯ ಮಹಾ ಜಿಪುಣ, ಹರೆಯದಲ್ಲೇ ವರ್ಷಕ್ಕೆ ನೂರಕ್ಕೆ ಒಂದು ಕೋಶ ಬದಲಾದರೆ ಹೆಚ್ಚು. ಯಕೃತ್ತಿನದು ಇನ್ನೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಕತ್ತರಿಸಿದರೂ ಬೆಳೆಯುತ್ತದೆ, ಆದರೆ ಬಹುಮಟ್ಟಿಗೆ ಅಲ್ಲಿಯ ಮಾಮೂಲಿ ಕೋಶಗಳೇ ಒಡೆದು ಆ ಕೆಲಸ ಮಾಡುತ್ತವೆ. ವಾಸಿಯಾದದ್ದೆಲ್ಲ ಆಕರಕೋಶದ ಮಹಿಮೆ ಎಂದು ಹೇಳುವವರ ಮಾತನ್ನು ಅನುಮಾನಿಸಲು ಇದೂ ಒಂದು ಕಾರಣ.

ಇಷ್ಟು ಕೇಳಿದ ಮೇಲೆ ಮಾವ, "ಅಂದ್ರೆ ಸುಳಿ ಅನ್ನು" ಎಂದರು. ದಾಸವಾಳವನ್ನು ಎಲ್ಲಿ ಕಡಿದರೂ ಪಕ್ಕದ ಗೆಣ್ಣಿನಿಂದ ಚಿಗುರುತ್ತದೆ. ಅಡಿಕೆ ಮರಕ್ಕೆ ಬೆಳೆಯುವ ಜಾಗ ಒಂದೇ, ನೆತ್ತಿಯ ಸುಳಿ. ಅದು ಕೊಳೆತರೆ ಕೆಳಗೆ ಮೂವತ್ತು ಅಡಿ ಗಟ್ಟಿ ಮರವಿದ್ದೂ ಪ್ರಯೋಜನವಿಲ್ಲ, ಮುಗಿಯಿತು. ಗಿಡದ ಆಕರಕೋಶಗಳು ಇರುವುದು ಸುಳಿಯಲ್ಲೇ ಆದ್ದರಿಂದ ಮಾವ ಹೇಳಿದ್ದು ಬರಿ ಹೋಲಿಕೆಯಲ್ಲ, ವಸ್ತುಸ್ಥಿತಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಸುಳಿಕೋಶ. ಪಾರಿಭಾಷಿಕ ಪದಕೋಶದವರು ಬೇಕಾದರೆ ತೆಗೆದುಕೊಳ್ಳಲಿ.

ಸುಳಿ ಸುಟ್ಟರೆ ಏನಾಗುತ್ತದೆಂಬುದಕ್ಕೆ ಮನುಷ್ಯನ ಮೈಯಲ್ಲಿ ಕಣ್ಣಿನಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. ಮಾವನಿಗೂ ಈ ಮಾತು ತಟ್ಟನೆ ಹತ್ತಿತು, ಏಕೆಂದರೆ ಎಲೆಯಡಿಕೆಯ ಸುಣ್ಣವೂ ಗೊತ್ತು, ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣವೂ ಗೊತ್ತು. ಕಣ್ಣಿನ ಮುಂಭಾಗದ ಪಾರದರ್ಶಕ ಗಾಜು ಕಾರ್ನಿಯಾ. ಅದರ ಮೇಲ್ಪದರ ವಾರ ಹತ್ತು ದಿನಕ್ಕೊಮ್ಮೆ ಬದಲಾಗುತ್ತದೆ. ಹೊಸ ಕೋಶ ಹುಟ್ಟುವುದು ಕರಿಭಾಗ ಬಿಳಿಭಾಗ ಸೇರುವ ಅಂಚಿನ ಉಂಗುರದಲ್ಲಿ. ಅದಕ್ಕೆ ಲಿಂಬಸ್ ಎಂದು ಹೆಸರು, ಕಣ್ಣಿನ ಸುಳಿಕೋಶಗಳ ಮನೆ ಅದೇ. ಸುಣ್ಣ ಬಿದ್ದು ಉಂಗುರ ಸುಟ್ಟರೆ ಗಾಜು ತನ್ನನ್ನು ತಾನು ಹೊಸದು ಮಾಡಿಕೊಳ್ಳಲಾರದು. ಆಗ ಬಿಳಿಭಾಗದ ಪೊರೆ ರಕ್ತನಾಳಗಳ ಸಮೇತ ಬೇಲಿ ಮುರಿದ ದನದಂತೆ ಒಳನುಗ್ಗಿ ಗಾಜನ್ನು ಮುಚ್ಚುತ್ತದೆ. ನೇತ್ರದಾನಿಗಳ ಕಾರ್ನಿಯಾ ತಂದು ಕೂರಿಸಿದರೂ ನಿಲ್ಲುವುದಿಲ್ಲ, ಸುಳಿಯಿಲ್ಲದ ಮೇಲೆ ಅದರ ಮೇಲ್ಪದರವೂ ಸವೆದು ಮತ್ತೆ ಅದೇ ಪಾಡು.

ಪಾನ್ ಅಂಗಡಿಯಲ್ಲಿ ಸಿಗುವ ಸುಣ್ಣದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಆಟಕ್ಕೆ ಹಿಚುಕಿ ಕಣ್ಣಿಗೆ ಸಿಡಿಸಿಕೊಳ್ಳುತ್ತಾರೆ. ನಮ್ಮೆದುರಿನ ಏಮ್ಸಿನ ನೇತ್ರ ವೈದ್ಯರೇ 2006ರಲ್ಲಿ ಇದನ್ನು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ಮನೆಯಲ್ಲಿ ಎಲೆಯಡಿಕೆ ಹಾಕುವವರಿದ್ದರೆ ಇದೊಂದನ್ನು ತಿಳಿದಿರಬೇಕು. ಸುಣ್ಣ ಬಿದ್ದರೆ ಆಟೋ ಹುಡುಕುವುದಕ್ಕೂ ಮೊದಲು ನಲ್ಲಿಯ ಕೆಳಗೆ ಕಣ್ಣು ಹಿಡಿದು, ರೆಪ್ಪೆ ಬಿಡಿಸಿ, ಅರ್ಧ ಗಂಟೆಯಾದರೂ ನೀರು ಹರಿಸಬೇಕು. ಆಮೇಲೆ ಆಸ್ಪತ್ರೆ. ಆ ಅರ್ಧ ಗಂಟೆಯಲ್ಲಿ ಉಳಿದ ಸುಳಿಕೋಶಗಳನ್ನು ಆಮೇಲೆ ಯಾವ ಡಾಕ್ಟರೂ ತಂದುಕೊಡಲಾರರು.

ಒಂದೇ ಕಣ್ಣು ಸುಟ್ಟಿದ್ದರೆ ಇನ್ನೊಂದು ಕಣ್ಣಿನಿಂದ ಸಾಲ ತರಬಹುದು. ಇಟಲಿಯವರು 1997ರಲ್ಲಿ ಒಳ್ಳೆಯ ಕಣ್ಣಿನ ಅಂಚಿನಿಂದ ಚೂರೇ ಚೂರು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಕೆಟ್ಟ ಕಣ್ಣಿಗೆ ಹಾಕಿ ತೋರಿಸಿದರು. ಅದಕ್ಕೆ ದುಬಾರಿ ಪ್ರಯೋಗಾಲಯ ಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆಯ ಡಾ. ವೀರೇಂದರ್ ಸಂಗ್ವಾನ್ ಮತ್ತು ಜೊತೆಗಾರರು 2012ರಲ್ಲಿ ಸುಲಭದ ದಾರಿ ಪ್ರಕಟಿಸಿದರು. ಒಳ್ಳೆಯ ಕಣ್ಣಿನಿಂದ ಎರಡು ಮಿಲಿಮೀಟರ್ ಅಗಲದ ತುಣುಕು ತೆಗೆದು, ಎಂಟು ಹತ್ತು ಚೂರು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹೆರಿಗೆಯ ಮಾಸಿನ ತೆಳುಪೊರೆ ಹಾಸಿ ಅದರ ಮೇಲೆ ಅಂಟಿಸುವುದು. ಪೊರೆಯೇ ಗದ್ದೆ, ಕಣ್ಣೇ ಪ್ರಯೋಗಾಲಯ. ಕೆಲವೇ ವಾರದಲ್ಲಿ ಸಸಿ ನಾಟಿಯಂತೆ ಚೂರುಗಳು ಹಬ್ಬಿ ಕೂಡಿಕೊಳ್ಳುತ್ತವೆ. ನಾಟಿಯ ಮಾತು ಬಂದಾಗ ಮಾವ ಗೋಡೆಗೊರಗಿದ್ದವರು ನೆಟ್ಟಗೆ ಕೂತರು.

ಇನ್ನು ಸಾಲವನ್ನು ಪರರಿಂದ ತರುವ ಬಗೆ. ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟ ಮಜ್ಜೆಯನ್ನು ಔಷಧಿಯಿಂದ, ವಿಕಿರಣದಿಂದ ಸುಟ್ಟು ಬೇರೊಬ್ಬರ ಸುಳಿಕೋಶಗಳನ್ನು ಕೊಡುತ್ತಾರೆ. ಅಮೆರಿಕದ ಡೊನಾಲ್ ಥಾಮಸ್ ಇದನ್ನು 1950ರ ದಶಕದಲ್ಲೇ ಶುರುಮಾಡಿ, ಸೋತು, ಮತ್ತೆ ಮಾಡಿ, 1990ರಲ್ಲಿ ನೊಬೆಲ್ ಪಡೆದರು. ಇದರಲ್ಲಿ ನನಗೆ ಅತಿ ಸೋಜಿಗವಾದದ್ದೆಂದರೆ ಎಲುಬಿಗೆ ಏನನ್ನೂ ಚುಚ್ಚುವುದಿಲ್ಲ, ರಕ್ತ ಕೊಟ್ಟ ಹಾಗೆ ನರಕ್ಕೆ ಹರಿಸುತ್ತಾರೆ. ಸಂಜೆಯ ದನಗಳು ತಮ್ಮ ತಮ್ಮ ಕೊಟ್ಟಿಗೆ ಸೇರುವಂತೆ ಆ ಕೋಶಗಳು ತಾವಾಗಿ ಮಜ್ಜೆಯ ದಾರಿ ಹುಡುಕಿ ಸೇರುತ್ತವೆ. ಕೊಡುವವರ ಗುರುತು ಹೊಂದಬೇಕು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಬೆಂಗಳೂರಿನ ಕಿದ್ವಾಯಿಯಲ್ಲಿ ಈಗ ಈ ಕಸಿಯೂ ನಡೆಯುತ್ತದೆ.

ನಮ್ಮ ದೇಶದಲ್ಲಿ ಇದನ್ನು ಮೊದಲು ಮಾಡಿದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರ ಮುಂದಾಳುತನದಲ್ಲಿ. ಅವರಿಗೆ ಎಂಟನೆಯ ವಯಸ್ಸಿನಲ್ಲೇ ಪೋಲಿಯೋ ತಗುಲಿತ್ತು. ಗಾಲಿಕುರ್ಚಿಯಲ್ಲಿ ಕೂತೇ ವೈದ್ಯರಾಗಿ, ಕೂತೇ ಇದನ್ನೆಲ್ಲ ಮಾಡಿದರು. ಈ ವಿವರ ಹೇಳಿದಾಗ ಮಾವ "ಕೂತ್ಕೊಂಡೇ?" ಎಂದು ಎರಡು ಸಲ ಕೇಳಿದರು.

ಕೊನೆಗೆ ಬೆನ್ನು. ಬೆನ್ನುಹುರಿಯಲ್ಲಿ ಸುಳಿಕೋಶ ಇಲ್ಲವೇ ಇಲ್ಲ ಎಂದಲ್ಲ. ಪ್ರಾಣಿಗಳಲ್ಲಿ ನೋಡಿದಂತೆ, ಹುರಿಯ ನಡುವಣ ಸಣ್ಣ ಕಾಲುವೆಯ ಅಂಚಿನಲ್ಲಿರುವ ಕೋಶಗಳು ಪೆಟ್ಟು ಬಿದ್ದೊಡನೆ ಏಳುತ್ತವೆ, ಆದರೆ ಹೆಚ್ಚಿನವು ತೇಪೆ ಹಾಕುವ ಕೋಶಗಳಾಗಿಬಿಡುತ್ತವೆ, ನರಕೋಶಗಳಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಚರ್ಮಕ್ಕೆ ಬೇಕಾದದ್ದು ಇಟ್ಟಿಗೆ, ಬೆನ್ನಿಗೆ ಬೇಕಾದದ್ದು ತಂತಿ. ಮೆದುಳಿನ ಕೋಶದಿಂದ ಹೊರಟ ಒಂದೇ ಎಳೆ ಸೊಂಟದವರೆಗೆ ಇಳಿದು ಅಲ್ಲಿಯ ಕೋಶಕ್ಕೆ ಸುದ್ದಿ ಮುಟ್ಟಿಸಬೇಕು. ಕೈಯಲ್ಲಿ ಕಡಿದ ನರವನ್ನು ಹೊಲಿದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಬೆನ್ನುಹುರಿಯೊಳಗೆ ಸುತ್ತಲ ಪದಾರ್ಥಗಳೂ ತೇಪೆಯೂ ಸೇರಿ ಆ ಬೆಳವಣಿಗೆಯನ್ನೇ ತಡೆಯುತ್ತವೆ. ತಂತಿ ಹರಿದ ಜಾಗದಲ್ಲಿ ಲಾರಿಗಟ್ಟಲೆ ಕಂಬ ತಂದು ಸುರಿದರೆ ಮನೆಗೆ ದೀಪ ಬರುತ್ತದೆಯೇ?

ಸುರಿದದ್ದು ಸುಮ್ಮನೆಯೂ ಇರುವುದಿಲ್ಲ. ಬೆನ್ನುಹುರಿಗೆ ಮೂಗಿನೊಳಗಿನ ಪೊರೆಯ ಕೋಶಗಳನ್ನು ಪೋರ್ಚುಗಲ್ಲಿನಲ್ಲಿ ಕಸಿ ಮಾಡಿಸಿಕೊಂಡ ಒಬ್ಬ ಯುವತಿಗೆ ಎಂಟು ವರ್ಷದ ಮೇಲೆ ಅಲ್ಲಿ ಗೆಡ್ಡೆ ಕಂಡಿತು. ಬಿಚ್ಚಿ ನೋಡಿದರೆ ಒಳಗೆ ಸಿಂಬಳದಂಥ ದ್ರವ. ಕೋಶಗಳು ತಮ್ಮ ಕುಲಕಸುಬು ಮರೆತಿರಲಿಲ್ಲ. 2014ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗೆಂದು ದಾರಿಯೇ ಇಲ್ಲವೆಂದು ಮಾವನಿಗೆ ಹೇಳಲಿಲ್ಲ, ಅದು ಸುಳ್ಳಾಗುತ್ತಿತ್ತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅದನ್ನು ಮತ್ತೆ ಸುಳಿಕೋಶವಾಗಿಸಿದರು. ಮೊಸರನ್ನು ಪುನಃ ಹಾಲು ಮಾಡಿದ ಹಾಗೆ! 2012ರಲ್ಲಿ ನೊಬೆಲ್ ಬಂತು. ಅಂಥ ಕೋಶಗಳಿಂದ ಬೆಳೆಸಿದ ನರಕೋಶಗಳ ಪೂರ್ವಜರನ್ನು ಟೋಕಿಯೋದ ಕೇಯೋ ವಿಶ್ವವಿದ್ಯಾಲಯದವರು ನಾಲ್ವರ ಬೆನ್ನುಹುರಿಗೆ ಹಾಕಿ, 2025ರ ಮಾರ್ಚಿನಲ್ಲಿ ಫಲಿತಾಂಶ ತಿಳಿಸಿದರು. ಇಬ್ಬರಲ್ಲಿ ಸುಧಾರಣೆ ಕಂಡಿತು, ಒಬ್ಬರು ನಿಲ್ಲುವಂತಾದರು. ಆದರೆ ಅವರೆಲ್ಲ ಪೆಟ್ಟಾಗಿ ಎರಡರಿಂದ ನಾಲ್ಕು ವಾರದೊಳಗಿನವರು. ನಾಲ್ವರಿಂದ ಏನನ್ನೂ ಖಚಿತವಾಗಿ ಹೇಳಬರುವುದಿಲ್ಲ ಎಂಬುದಂತೂ ನಮ್ಮ ಸಂಖ್ಯಾಶಾಸ್ತ್ರದ ಮೊದಲ ಪಾಠ.

ಆ ಮೇಲೆ ಬಣ್ಣದ ಪತ್ರಿಕೆಯನ್ನು ಹಿಡಿದು ಕೂತೆವು. ಇಲ್ಲಿ ಮಾತ್ರ ನನ್ನ ಬಿ.ಕಾಂ. ಕೆಲಸಕ್ಕೆ ಬಂತು. ಎದ್ದು ನಡೆದವರ ಫೋಟೋ ಇದೆ, ಏಳದವರ ಲೆಕ್ಕವಿಲ್ಲ. ಜಮಾ ಮಾತ್ರ ಇದ್ದು ಖರ್ಚಿನ ಕಲಮೇ ಇಲ್ಲದ ಖಾತೆಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಚುಚ್ಚುವುದು ಯಾವ ಕೋಶ, ಎಲ್ಲಿಂದ ತಂದದ್ದು ಎಂಬುದೂ ಇಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಅನ್ಸಾರಿ ನಗರದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಕಚೇರಿ ಇದೆ. 2007ರಲ್ಲಿ ಅವರು ಹೊರಡಿಸಿದ ಮಾರ್ಗಸೂಚಿಯ ಹೆಸರಿನಲ್ಲಿ ಸಂಶೋಧನೆ ಮತ್ತು ಚಿಕಿತ್ಸೆ ಎಂದು ಎರಡು ಪದಗಳಿದ್ದವು. 2013ರಲ್ಲಿ ಚಿಕಿತ್ಸೆ ಎಂಬುದನ್ನು ಬೇಕೆಂದೇ ಕಿತ್ತುಹಾಕಿದರು. 2017ರ ಪರಿಷ್ಕರಣೆಯಲ್ಲೂ ಅದು ವಾಪಸು ಬರಲಿಲ್ಲ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ರೂಢಿಯ ಚಿಕಿತ್ಸೆ. ಬೆನ್ನುಹುರಿಗೆ ಕೋಶ ಚುಚ್ಚುವುದೇನಿದ್ದರೂ ಪ್ರಯೋಗ. ಪ್ರಯೋಗವಾದರೆ ಅದು ಸರಕಾರಿ ನೋಂದಣಿಯಲ್ಲಿರಬೇಕು, 2009ರಿಂದ ಇದು ಕಡ್ಡಾಯ. ಪ್ರಯೋಗಕ್ಕೆ ಮೈಕೊಟ್ಟವರಿಂದ ಅದರ ದುಡ್ಡು ಕೇಳುವಂತಿಲ್ಲ. ಒಂದು ಪದ ಕಿತ್ತದ್ದಕ್ಕೆ ಇಷ್ಟು ಅರ್ಥವಿದೆ ಎಂಬುದನ್ನು ನಮ್ಮ 'ಸಾಹಿತ್ಯ ಕೂಟ'ದ ಗೆಳೆಯರು ಗಮನಿಸಬೇಕು.

ನಾನು ಪತ್ರಿಕೆಯಲ್ಲಿದ್ದ ನಂಬರಿಗೆ ಫೋನು ಮಾಡಿ ನೋಂದಣಿ ಸಂಖ್ಯೆ ಕೇಳಿದೆ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ, ಈ ವಾರ ಬಂದರೆ ಐವತ್ತು ಸಾವಿರ ರಿಯಾಯಿತಿ ಇದೆ ಎಂದರು. ಮಾವ ಸ್ಪೀಕರಿನಲ್ಲಿ ಕೇಳಿಸಿಕೊಂಡು ಏನೂ ಹೇಳದೆ ಎಲೆಗೆ ಸುಣ್ಣ ಹಚ್ಚತೊಡಗಿದರು. ರಾತ್ರಿ ಊಟ ಬೇಡ ಎಂದರು. ಆ ರಾತ್ರಿ ಹಜಾರದ ದೀಪ ಬಹಳ ಹೊತ್ತು ಉರಿಯುತ್ತಿತ್ತು, ನಾನು ಮಾಡಿದ್ದು ಸರಿಯೇ ಎಂದು ನನಗೂ ನಿದ್ದೆ ಬರಲಿಲ್ಲ.

ಮೂರು ದಿನದ ಮೇಲೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟರು. ತೋಟ ಮಾರಲಿಲ್ಲ. ಕೈಯಲ್ಲಿದ್ದಷ್ಟು ದುಡ್ಡಿನಲ್ಲಿ ಮನೆಯ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದರು, ಬಚ್ಚಲಿಗೆ ಹಿಡಿಕೆ ಹಾಕಿಸಿದರು. ಮಿಕ್ಕದ್ದರಲ್ಲಿ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಕೊಂಡರು. ನೆಲದಲ್ಲಿ ನಿಂತೇ ಔಷಧಿ ಹೊಡೆಯಬಹುದು, ಕೊನೆಯನ್ನೂ ಕೊಯ್ಯಬಹುದು. ಈ ಮಳೆಗಾಲದಲ್ಲಿ ಫೋನು ಮಾಡಿದಾಗ ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. ಮಾವ ಗಾಲಿಕುರ್ಚಿಯಲ್ಲಿ ತೋಟದ ಬಾಯಿಗೆ ಬಂದು ಕೂತು, ದೋಟಿ ಹಿಡಿದ ಹುಡುಗನಿಗೆ ಕೂಗಿ ಹೇಳುತ್ತಿದ್ದರು, "ಸುಳಿಗೆ ತಾಗಿಸ್ಬೇಡ್ವೋ, ಗೊನೆಗೆ ಮಾತ್ರ ಹೊಡಿ!"